ನಂಜುಂಡನ ಹರಕೆ

ನಮ್ಮ ಅನುಭವವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿ ಎರಡು ಸಂಚಿಕೆಗಳು ಕಳೆದವು. ಹಿಂಜರಿಕೆಯಿಂದ ಮಗನನ್ನೇ ಕೇಳಿದೆವು. "ಬರೆಯಿರಿ, ಹೆಸರು ಮಾತ್ರ ಹಾಕಬೇಡಿ" ಎಂದ. ಆದ್ದರಿಂದ ಇಲ್ಲಿ ಅವನು ಬರಿಯ ಪುಟ್ಟ.

1985ರ ಜನವರಿ. ನಾವು ಇಟಾಸ್ಕಾಕ್ಕೆ ಬಂದು ಮನೆ ಮಾಡಿದ ಮೊದಲ ಚಳಿಗಾಲ. ಪುಟ್ಟನಿಗೆ ನಾಲ್ಕು ವರ್ಷ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಕಾಲುನೋವು. ಹಿಮದಲ್ಲಿ ಆಡಿದ ಆಯಾಸವೆಂದುಕೊಂಡೆವು. ಒಂದು ಸಂಜೆ ಸ್ನಾನ ಮಾಡಿಸುವಾಗ ಬೆನ್ನಿನ ಮೇಲೆ ನೀಲಿ ಕಲೆಗಳು ಕಂಡವು. ಮರುದಿನ ರಕ್ತ ಪರೀಕ್ಷೆಯಾಯಿತು. ಆ ರಾತ್ರಿಯೇ ಷಿಕಾಗೋ ನಗರದ ಮಕ್ಕಳ ಆಸ್ಪತ್ರೆಗೆ ಹೊರಡಬೇಕೆಂದು ಡಾಕ್ಟರು ಫೋನ್ ಮಾಡಿದರು.

ಕಾಯಿಲೆ ಲುಕೇಮಿಯಾ. ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿಯ ರಕ್ತಕಣಗಳು ಕಳೆಯಂತೆ ಬೆಳೆದು, ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುವ ರೋಗ. ಚಿಕಿತ್ಸೆ ಮೂರು ವರ್ಷ. ಹತ್ತು ಮಕ್ಕಳಲ್ಲಿ ಸುಮಾರು ಏಳು ಮಂದಿ ಉಳಿಯುತ್ತಾರೆ ಎಂದರು ಡಾಕ್ಟರು. ನಮ್ಮ ಕಿವಿಗೆ ಬಿದ್ದದ್ದು ಉಳಿದ ಮೂರರ ಲೆಕ್ಕ ಮಾತ್ರ.

ಮೈಸೂರಿಗೆ ಟ್ರಂಕ್ ಕಾಲ್ ಸಿಕ್ಕಿದಾಗ ಅಮ್ಮ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ನಂಜನಗೂಡಿಗೆ ಮುಡಿ ಹರಕೆ ಹೊತ್ತಿದೀನಿ. ಧೈರ್ಯವಾಗಿರಿ" ಎಂದರು. ಕಪಿಲೆಯ ದಡದ ನಂಜುಂಡೇಶ್ವರ ನಮ್ಮ ಸೀಮೆಯವರಿಗೆ ವೈದ್ಯನೂ ಹೌದು. ಪಟ್ಟದಾನೆಯ ಕಣ್ಣುಬೇನೆ ವಾಸಿಯಾದಾಗ ಟಿಪ್ಪು ಸುಲ್ತಾನ ಪಚ್ಚೆಯ ಲಿಂಗವನ್ನರ್ಪಿಸಿ 'ಹಕೀಂ ನಂಜುಂಡ' ಎಂದು ಕರೆದನೆಂಬ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರು?

ಅಮ್ಮ ಮಾರ್ಚಿಯಲ್ಲಿ ಬಂದರು. ಅಷ್ಟರಲ್ಲಿ ಔಷಧದಿಂದ ಪುಟ್ಟನ ಕೂದಲೆಲ್ಲ ಉದುರಿತ್ತು. ನಾವು ಅಳುತ್ತಾ ನಿಂತಿದ್ದರೆ ಅಮ್ಮ ಆ ಬೋಳುತಲೆ ಸವರಿ, "ನಂಜುಂಡನಿಗೆ ಏನು ಅವಸರವಪ್ಪಾ! ನಾವು ಕೊಡೋಕೆ ಮುಂಚೆ ತಾನೇ ತಗೊಂಡುಬಿಟ್ಟ" ಎಂದರು. ಎರಡು ತಿಂಗಳಲ್ಲಿ ಪುಟ್ಟ ನಕ್ಕದ್ದು ಅಂದೇ.

ವಾರಕ್ಕೊಮ್ಮೆ ನರಕ್ಕೆ ಕೊಡುತ್ತಿದ್ದ ಔಷಧದ ಹೆಸರು ವಿನ್‌ಕ್ರಿಸ್ಟೀನ್. ಅದು ಯಾವುದರಿಂದ ಆಗಿದೆಯೆಂದು ಅಮ್ಮ ಕೇಳಿಸಿದರು. ನರ್ಸಮ್ಮ ಒಂದು ಪುಸ್ತಕದ ಚಿತ್ರ ತೋರಿಸಿದರು. ನಮ್ಮ ಹಿತ್ತಿಲ ನಿತ್ಯಪುಷ್ಪ! ಮಡಗಾಸ್ಕರ್ ಮೂಲದ ಆ ಗಿಡದಿಂದ ಔಷಧ ತೆಗೆದು 1963ರಲ್ಲಿ ಬಳಕೆಗೆ ತಂದದ್ದು ಇಲ್ಲಿಂದ ನಾಲ್ಕು ಗಂಟೆ ಹಾದಿಯ ಇಂಡಿಯಾನಾಪೊಲಿಸಿನ ಲಿಲ್ಲಿ ಕಂಪನಿ. "ದನವೂ ಬಾಯಿ ಹಾಕದ ಗಿಡ, ಅದು ನಂಜಲ್ಲವೇ?" ಎಂದರು ಅಮ್ಮ. ನಂಜೇ, ಅಳತೆಯಲ್ಲಿ ಕೊಡುತ್ತೇವೆ ಎಂದು ಡಾಕ್ಟರು ಒಪ್ಪಿಕೊಂಡರು. ಅಂದಿನಿಂದ ಅಮ್ಮನಿಗೆ ಆಸ್ಪತ್ರೆಯ ಮೇಲೆ ಅನುಮಾನ ಉಳಿಯಲಿಲ್ಲ. ನಂಜು ಉಂಡು ಉಳಿದ ದೇವರನ್ನು ನಂಬಿದವರಿಗೆ ಅದು ಹೊಸದೇನಾಗಿರಲಿಲ್ಲ.

ಆದರೂ ಬಿಳಿಕಣ ಇಳಿದಾಗ ಹೂವು, ಹಸಿ ಹಣ್ಣು, ತೀರ್ಥ ಯಾವುದೂ ಕೂಡದು. ಊರಿನಿಂದ ತಂದ ತೀರ್ಥವನ್ನು ಅಮ್ಮ ಹಟ ಮಾಡದೆ, "ಇವನ ಪರವಾಗಿ ನಾನು ತಗೋತೀನಿ" ಎಂದು ತಾವೇ ಕುಡಿದರು.

ಪಕ್ಕದ ಕೋಣೆಯಲ್ಲಿ ಪೋಲಿಷ್ ಮನೆತನದ ಹುಡುಗನಿದ್ದ. ಅವನ ತಾಯಿ ಜಪಮಾಲೆ ಹಿಡಿದೇ ಇರುತ್ತಿದ್ದರು. ಆಗಸ್ಟಿನಲ್ಲಿ ಆ ಮಗು ಹೋಯಿತು. ನಮ್ಮ ಹರಕೆ ಫಲಿಸುತ್ತಿದೆಯೆಂದು ಒಳಗೊಳಗೇ ಹಿಗ್ಗುತ್ತಿದ್ದ ನಾವು ತಲೆ ತಗ್ಗಿಸಿದೆವು. ಆ ತಾಯಿಯ ಪ್ರಾರ್ಥನೆ ನಮ್ಮದಕ್ಕಿಂತ ಕಡಿಮೆಯದಾಗಿತ್ತೇ? ಅಮ್ಮನಿಗೆ ಇಂಗ್ಲಿಷ್ ಬಾರದು. ಹೋಗಿ ಅವರ ಕೈ ಹಿಡಿದು ಒಂದು ಗಂಟೆ ಸುಮ್ಮನೆ ಕೂತು ಬಂದರು. ಅಲ್ಲಿಂದ ಮುಂದೆ ನಾವು ದೇವರೊಡನೆ ವ್ಯಾಪಾರ ಮಾಡುವುದನ್ನು ಬಿಟ್ಟೆವು. ಈ ದಿನವನ್ನು ದಾಟಿಸು ಎಂದಷ್ಟೇ ಕೇಳಿಕೊಳ್ಳುತ್ತಿದ್ದೆವು. ಮನೆ ಸಾಲ, ಬಡ್ತಿ, ಕಾರು ಇವೆಲ್ಲ ಎಷ್ಟು ದೊಡ್ಡವಾಗಿ ಕಂಡಿದ್ದವೆಂದು ನೆನೆದರೆ ನಾಚಿಕೆಯಾಗುತ್ತಿತ್ತು.

ದಿನ ದಾಟಿಸಿದವರು ಕೂಟದ ಬಳಗದವರೂ ಹೌದು. ಬಾಗಿಲ ಬಳಿ ಸಾರು, ಅನ್ನ ಇಟ್ಟು ಗಂಟೆ ಒತ್ತಿ ಹೋದವರಿದ್ದರು. ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಹೆಚ್ಚು ದಿನ ಇಡಲಾಗದೆಂದು ತಿಳಿದು, ಡಿಟ್ರಾಯಿಟ್‌ನ ಗೆಳೆಯರೊಬ್ಬರು ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು ಕೊಟ್ಟು ಹೋದರು.

1986ರ ಜುಲೈ 4ರಂದು ಲೆಮಾಂಟಿನಲ್ಲಿ ಶ್ರೀರಾಮನ ಪ್ರತಿಷ್ಠೆಯಾದಾಗ ಪುಟ್ಟನನ್ನು ಹೆಗಲೇರಿಸಿಕೊಂಡು, ಗುಂಪಿನಿಂದ ದೂರದಲ್ಲಿ ನಿಂತು ಕೈಮುಗಿದೆವು. 1988ರಲ್ಲಿ ಔಷಧ ನಿಂತಿತು. ಮರುವರ್ಷ ನಂಜನಗೂಡಿನಲ್ಲಿ, ಮತ್ತೆ ಬೆಳೆದ ದಟ್ಟ ಕೂದಲನ್ನು ಮುಡಿ ಕೊಟ್ಟೆವು. "ಎರಡನೇ ಸಲ ಯಾಕೆ?" ಎಂದು ಪುಟ್ಟ ಕೇಳಿದ. "ಮೊದಲನೇದು ಅವನು ತಗೊಂಡದ್ದು, ಇದು ನೀನು ಕೊಟ್ಟದ್ದು" ಎಂದರು ಅಮ್ಮ.

ಅಮ್ಮ ಈಗ ಇಲ್ಲ. ಪುಟ್ಟ ಎರಡು ಮಕ್ಕಳ ತಂದೆ. ಇಂದು ಈ ದೇಶದಲ್ಲಿ ಈ ಬಗೆಯ ಕಾಯಿಲೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುತ್ತಾರೆ. ಬೆಂಗಳೂರಿನಲ್ಲೂ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ ಇದೇ ನಂಜಿನಿಂದ ಮಕ್ಕಳು ಗುಣವಾಗುತ್ತಿದ್ದಾರೆ. ಔಷಧಕ್ಕೆ ಬಗ್ಗದ ಕೆಲವರಿಗೆ ಇನ್ನೊಬ್ಬರ ಮಜ್ಜೆ ಬೇಕು. ಅದು ಹೊಂದುವ ಸಂಭವ ಒಂದೇ ಮೂಲದವರಲ್ಲಿ ಹೆಚ್ಚು. ಆದರೆ ದಾನಿಗಳ ಪಟ್ಟಿಯಲ್ಲಿ ನಮ್ಮವರು ಕಡಿಮೆ. ಹದಿನೆಂಟು ತುಂಬಿದ ನಿಮ್ಮ ಮಕ್ಕಳಿಗೆ ಹೇಳಿ. ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಕಳಿಸಿದರೆ ಹೆಸರು ಸೇರುತ್ತದೆ.

ನಮ್ಮ ಅಂಗಳದಲ್ಲಿ ಪ್ರತಿ ಮೇ ತಿಂಗಳಲ್ಲೂ ನಿತ್ಯಪುಷ್ಪ ನೆಡುತ್ತೇವೆ. ಇಲ್ಲಿಯ ಚಳಿಗೆ ಅದು ಉಳಿಯುವುದಿಲ್ಲ. ಮತ್ತೆ ನೆಡುತ್ತೇವೆ.