ಗೂಗಲ್‌ಗೆ ಕಾಣದ ಸೀರೆ ಅಂಗಡಿ

ಇಳಕಲ್ಲಿನಲ್ಲೊಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಎರಡು ತಲೆಮಾರಿನ ವ್ಯಾಪಾರ, ಮನೆಯಲ್ಲೇ ಮಗ್ಗ. ಮಗನ ಒತ್ತಾಯಕ್ಕೆ ವೆಬ್‌ಸೈಟನ್ನೂ ಮಾಡಿಸಿದ್ದಾರೆ. ಆದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತವರು ಇಳಕಲ್ ಸೀರೆ ಎಂದು ಹುಡುಕಿದರೆ ದೊಡ್ಡ ಆನ್‌ಲೈನ್ ಮಳಿಗೆಗಳು ಸಾಲಾಗಿ ಬರುತ್ತವೆ, ಈ ಅಂಗಡಿಯ ಸುಳಿವಿಲ್ಲ. ಅಷ್ಟರಲ್ಲಿ ಒಂದು ಫೋನ್ ಬರುತ್ತದೆ: ‘ಸರ್, ನಿಮ್ಮನ್ನು ಗೂಗಲ್‌ನ ಮೊದಲ ಪುಟಕ್ಕೆ ತರ್ತೀವಿ, ಗ್ಯಾರಂಟಿ.’

ಆ ಗ್ಯಾರಂಟಿಯ ಬಗ್ಗೆ ಗೂಗಲ್ ಕಂಪನಿಯೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ: ಮೊದಲ ಸ್ಥಾನದ ಭರವಸೆ ಯಾರೂ ಕೊಡಲಾರರು. ಜಾಹೀರಾತಿಗೆ ದುಡ್ಡು ಸುರಿದರೂ ‘ಪ್ರಾಯೋಜಿತ’ ಎಂಬ ಪಟ್ಟಿಯ ಜಾಗ ಸಿಗುತ್ತದೆಯೇ ಹೊರತು ಅದರ ಕೆಳಗಿನ ಸಹಜ ಫಲಿತಾಂಶದಲ್ಲಿ ಒಂದು ಮೆಟ್ಟಿಲೂ ಮೇಲೇರುವುದಿಲ್ಲ. ಹಾಗಾಗಿ ಚೆಕ್ ಬರೆಯುವ ಮೊದಲು ಸ್ವಂತ ವೆಬ್‌ಸೈಟನ್ನೇ ಒಮ್ಮೆ ತೆರೆದು ನೋಡುವುದು ಲೇಸು.

ಅಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಮೇಲೆ ದೊಡ್ಡದಾಗಿ ‘ವೆಲ್‌ಕಮ್’, ಕೆಳಗೆ ‘ಗುಣಮಟ್ಟವೇ ನಮ್ಮ ಧ್ಯೇಯ’, ಆಮೇಲೆ ವಾಟ್ಸ್ಆ್ಯಪ್‌ನಿಂದ ಇಳಿಸಿಕೊಂಡ ಒಂದಷ್ಟು ಫೋಟೊ. ಬೆಲೆಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿ ಚಿತ್ರವಾಗಿ ಅಂಟಿಸಿರುತ್ತಾರೆ. ಇಡೀ ಪುಟದಲ್ಲಿ ಸೀರೆ ಎಂಬ ಪದ ಅಕ್ಷರರೂಪದಲ್ಲಿ ಎರಡು ಸಲ ಬಂದರೆ ಹೆಚ್ಚು. ಗೂಗಲ್‌ನ ಬಾಟ್ ಎಂಬ ತಂತ್ರಾಂಶ ಒಂದು ಪುಟದ ಕೊಂಡಿ ಹಿಡಿದು ಇನ್ನೊಂದಕ್ಕೆ ಹೋಗುತ್ತಾ, ಸಿಕ್ಕ ಪಠ್ಯವನ್ನು ಓದಿ ತನ್ನ ಸೂಚಿಯಲ್ಲಿ ದಾಖಲಿಸಿಕೊಳ್ಳುತ್ತದೆ. ನಾವು ಹುಡುಕುವಾಗ ಗೂಗಲ್ ತಿರುವಿಹಾಕುವುದು ಆ ಸೂಚಿಯನ್ನು. ಚಿತ್ರದಲ್ಲಿರುವುದನ್ನು ಈಗ ಅದು ಒಂದಿಷ್ಟು ಗುರುತಿಸುತ್ತದೆ, ನಿಜ. ಆದರೆ ಸೆರಗು ಅಪ್ಪಟ ರೇಷ್ಮೆಯದೋ ಅಲ್ಲವೋ ಎಂಬುದನ್ನು ಫೋಟೊ ನೋಡಿ ಹೇಳುವುದು ಮನುಷ್ಯರಿಗೇ ಕಷ್ಟ.

ಕನ್ನಡದ ಹಳೆಯ ವೆಬ್‌ಸೈಟುಗಳಿಗೆ ಇನ್ನೊಂದು ಕಾಟವಿದೆ. ನುಡಿ, ಬರಹಗಳ ಯುನಿಕೋಡ್‌ಪೂರ್ವ ಫಾಂಟ್‌ಗಳಲ್ಲಿ ಟೈಪಿಸಿದ ಪುಟ ನಮ್ಮ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಯುನಿಕೋಡ್‌ಗೆ ಬದಲಿಸದೆ ಬೇರೆ ಏನು ಮಾಡಿದರೂ ದಂಡ.

ಗೂಗಲ್‌ಗೆ ನಿಮ್ಮ ತಾಣ ಗೊತ್ತೇ ಇಲ್ಲವೇ ಎಂದು ನೋಡುವುದು ಸುಲಭ. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವೆಬ್‌ಸೈಟಿನ ವಿಳಾಸ ಕೊಡಿ. ಏನೂ ಬರಲಿಲ್ಲವೆಂದರೆ ಬೀಗ ಒಳಗಿನಿಂದಲೇ ಬಿದ್ದಿರಬಹುದು. ವರ್ಡ್‌ಪ್ರೆಸ್‌ನಲ್ಲಿ ಶೋಧಯಂತ್ರಗಳಿಗೆ ಬರಬೇಡಿ ಎಂದು ಹೇಳುವ ಒಂದು ಆಯ್ಕೆ ಇದೆ. ತಾಣ ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ಮುಗಿದ ಮೇಲೆ ತೆಗೆಯಲು ಮರೆಯುವ ಡಿಸೈನರುಗಳು ಕಮ್ಮಿಯಿಲ್ಲ.

ಇನ್ನು ಏನು ಬರೆಯಬೇಕು ಎಂಬ ಪ್ರಶ್ನೆ. ಉತ್ತರ ಗಲ್ಲಾಪೆಟ್ಟಿಗೆಯ ಎದುರೇ ನಿಂತಿರುತ್ತದೆ. ಒಡಲು ಹತ್ತಿಯದೋ, ಆರ್ಟ್ ಸಿಲ್ಕೋ? ಕೈಮಗ್ಗವೋ, ಪವರ್‌ಲೂಮೋ? ಟೋಪ ತೆನಿ ಸೆರಗು ಇದೆಯಾ? ಚಿಕ್ಕಿ ದಡಿಯದು ತೋರಿಸಿ. ಒಂಬತ್ತು ಗಜದ್ದು ಸಿಗುತ್ತದಾ? ಒಗೆದರೆ ಬಣ್ಣ ಬಿಡುತ್ತದಾ? ಗಿರಾಕಿ ಬಾಯಲ್ಲಿ ಕೇಳುವುದನ್ನೇ ಮೊಬೈಲಿನಲ್ಲಿ ಟೈಪಿಸುತ್ತಾರೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ಯ ಕೆಲಸವನ್ನು ದಿನವೂ ಮಾಡುವವರು ಅದನ್ನು ವಿವರಿಸಿ ನಾಲ್ಕು ಪ್ಯಾರಾ ಬರೆದರೆ, ಊರನ್ನೇ ನೋಡದ ಮರುಮಾರಾಟಗಾರ ಅದಕ್ಕೆ ಸಾಟಿಯಾಗುವುದು ಕಷ್ಟ. ಆದರೂ ಬಹಳಷ್ಟು ಅಂಗಡಿಗಳ ತಾಣದಲ್ಲಿ ಈ ವಿಷಯ ಒಂದು ಸಾಲೂ ಇರುವುದಿಲ್ಲ. ನಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂಬ ಭಾವನೆ ಇರಬೇಕು.

ಪ್ರತಿ ಬಗೆಗೂ ಒಂದೊಂದು ಪುಟ, ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ. ‘ಹೋಮ್’ ಎಂಬ ಶೀರ್ಷಿಕೆಯಿಂದ ಯಾರಿಗೂ ಉಪಯೋಗವಿಲ್ಲ. ‘ಟೋಪ ತೆನಿ ಸೆರಗಿನ ಕೈಮಗ್ಗದ ಇಳಕಲ್ ಸೀರೆ’ ಎಂದರೆ ಬಾಟ್‌ಗೂ ತಿಳಿಯುತ್ತದೆ, ಗಿರಾಕಿಗೂ ತಿಳಿಯುತ್ತದೆ. ಈ ಸೀರೆಗೆ ಮಹಾರಾಷ್ಟ್ರದಲ್ಲಿ ದೊಡ್ಡ ಮಾರುಕಟ್ಟೆ ಇದೆ, ಅಲ್ಲಿ ಅದನ್ನು ‘ಇರಕಲ್’ ಎಂದೂ ಕರೆಯುತ್ತಾರೆ. ಮರಾಠಿಯಲ್ಲೊಂದು ಪುಟ ಇಟ್ಟರೆ ನಷ್ಟವೇನು?

ಹಾಗೆಂದು ‘ಇಳಕಲ್ ಸೀರೆ, ಇಳಕಲ್ ಸೀರೆ’ ಎಂದು ಐವತ್ತು ಸಲ ಜಪ ಮಾಡಬೇಡಿ. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ಸಾರಿತು. ಅದನ್ನು ತುಂಬಿಸಿಕೊಡಲು ಇಂದಿಗೂ ಬಿಲ್ ಮಾಡುವವರಿದ್ದಾರೆ. 2006ರಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ತಾಣ, ಬಾಟ್‌ನ ಕಣ್ಣಿಗೆ ಮಾತ್ರ ಬೀಳುವಂತೆ ಹಳೆ ಕಾರು ಎಂಬರ್ಥದ ಪದವನ್ನು ಮತ್ತೆ ಮತ್ತೆ ತುರುಕಿದ ಪುಟಗಳನ್ನಿಟ್ಟು ಸಿಕ್ಕಿಬಿತ್ತು. ಗೂಗಲ್ ಅದನ್ನು ಸೂಚಿಯಿಂದಲೇ ಕಿತ್ತುಹಾಕಿತು. ಅಷ್ಟು ದೊಡ್ಡ ಕಂಪನಿ ಕೆಲವೇ ದಿನಗಳಲ್ಲಿ ತಿದ್ದಿಕೊಂಡು ಒಳಬಂತು. ಇಳಕಲ್ಲಿನ ಅಂಗಡಿಯ ಪರವಾಗಿ ಓಡಾಡುವವರು ಯಾರು? ಮೇಲೇರಲೆಂದು ಬೇರೆ ತಾಣಗಳಿಂದ ದುಡ್ಡು ಕೊಟ್ಟು ಸಾವಿರಾರು ಕೊಂಡಿ ಖರೀದಿಸುವ ಆಟಕ್ಕೂ ಗೂಗಲ್‌ನ 2012ರ ‘ಪೆಂಗ್ವಿನ್’ ಪರಿಷ್ಕರಣೆಯಿಂದ ಪೆಟ್ಟು ಬಿದ್ದಿದೆ.

ಊರಿಗೇ ಬಂದು ಕೊಳ್ಳುವ ಗಿರಾಕಿಗಳಿಗೆ ವೆಬ್‌ಸೈಟಿಗಿಂತ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್ ಮುಖ್ಯ. ಅದು ಉಚಿತ. ಸರಿಯಾದ ಜಾಗ, ಬಾಗಿಲು ತೆರೆಯುವ ಹೊತ್ತು, ವಾರದ ರಜೆ, ಹೊಸ ಫೋಟೊಗಳು ಇರಬೇಕು. ವಿಮರ್ಶೆ ಬರೆಯಿರಿ ಎಂದು ಗಿರಾಕಿಗಳನ್ನು ಕೇಳಬಹುದು. ಬರೆದರೆ ರಿಯಾಯಿತಿ ಎಂಬ ಆಮಿಷ ನಿಯಮಕ್ಕೆ ವಿರುದ್ಧ.

ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವನ್ನೂ ಜೋಡಿಸಿಕೊಳ್ಳಿ. ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿ ಒಳಬಂದರು ಎಂಬುದು ಅಲ್ಲಿ ಸಿಗುತ್ತದೆ. ಅದನ್ನು ವಾರದೊಳಗೇ ನೋಡಿ ಬೇಸರಪಡಬೇಡಿ. ಇಂಥ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದೆಂದು ಗೂಗಲ್‌ನವರೇ ಹೇಳಿದ್ದುಂಟು.

ಇಷ್ಟಾದ ಮೇಲೂ ಕೆಲಸ ಹೊರಗೆ ಕೊಡುವುದಾದರೆ ಕೊಡಿ, ಒಳ್ಳೆಯವರೂ ಇದ್ದಾರೆ. ಆದರೆ ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಮ್ಯಾಪ್‌ನ ಪ್ರೊಫೈಲ್ ನಾಲ್ಕೂ ಅಂಗಡಿಯ ಇಮೇಲ್‌ನಲ್ಲೇ ಇರಲಿ. ಡಿಸೈನರನ ಹೆಸರಲ್ಲಿ ನೋಂದಾಯಿಸಿದ ಡೊಮೇನ್ ಆತ ಫೋನ್ ಎತ್ತುವುದು ಬಿಟ್ಟ ದಿನ ನಿಮ್ಮದಲ್ಲ, ನವೀಕರಣದ ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ.