ಮಿದುಳಿನ ಲೆಕ್ಕ ಬಿಡಿಸುವವರು ಬೇಕಾಗಿದ್ದಾರೆ

1951ರ ಸುಮಾರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಮಾರ್ಪಾಡಿಗಾಗಿ ತಿಂಗಳುಗಟ್ಟಲೆ ನಿಂತುಹೋಗಿತ್ತು. ಅಲ್ಲಿನ ಶರೀರವಿಜ್ಞಾನಿ ಆಂಡ್ರ್ಯೂ ಹಕ್ಸ್‌ಲಿ ಕಾಯುತ್ತ ಕೂರಲಿಲ್ಲ. ಕೈಯಲ್ಲಿ ಹಿಡಿ ತಿರುಗಿಸಿ ಲೆಕ್ಕ ಮಾಡುವ ಬ್ರನ್ಸ್‌ವಿಗಾ ಯಂತ್ರವನ್ನೇ ಮುಂದಿಟ್ಟುಕೊಂಡರು. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಒಂದು ವಿದ್ಯುತ್ ಮಿಡಿತ ಹೇಗೆ ಸಾಗುತ್ತದೆಂದು ಲೆಕ್ಕ ಹಾಕಲು ಅವರಿಗೆ ಸುಮಾರು ಮೂರು ವಾರ ಹಿಡಿಯಿತು. ಅಲನ್ ಹಾಡ್ಜ್‌ಕಿನ್ ಜತೆಗೂಡಿ ಅವರು 1952ರಲ್ಲಿ ಪ್ರಕಟಿಸಿದ ಸಮೀಕರಣಗಳಿಗೆ 1963ರಲ್ಲಿ ನೊಬೆಲ್ ಬಂತು. ಇಂದು ಬಿ.ಎಸ್ಸಿ. ವಿದ್ಯಾರ್ಥಿಯ ಲ್ಯಾಪ್‌ಟಾಪ್ ಅದೇ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಯಂತ್ರದ ಕೊರತೆ ನೀಗಿತು, ಪ್ರಶ್ನೆಗಳು ಮಾತ್ರ ಹಾಗೇ ಉಳಿದಿವೆ. ಒಂದನ್ನು ನೋಡಿ. ನರಕೋಶಗಳು ಒಂದನ್ನೊಂದು ಸಂಧಿಸುವ ಜಾಗದ ಪ್ರೋಟೀನುಗಳಲ್ಲಿ ಬಹುಪಾಲು ಕೆಲವೇ ದಿನ ಇಲ್ಲವೇ ವಾರಗಳಲ್ಲಿ ಸವೆದು, ಹೊಸವು ಬರುತ್ತವೆ. ಹಾಗಿದ್ದೂ ಬಾಲ್ಯದ ನೆನಪು ಎಂಬತ್ತರ ಅಜ್ಜಿಯಲ್ಲಿ ಹೇಗೆ ಉಳಿದಿರುತ್ತದೆ? ವಿಜ್ಞಾನಿಗಳಾದ ಉಪಿಂದರ್ ಭಲ್ಲಾ ಮತ್ತು ರವಿ ಅಯ್ಯಂಗಾರ್ 1999ರಲ್ಲಿ ಕಂಪ್ಯೂಟರ್ ಮಾದರಿಯೊಂದರ ಮೂಲಕ ಇದಕ್ಕೆ ಒಂದು ಸಾಧ್ಯತೆ ತೋರಿಸಿದರು. ಕೋಶದೊಳಗಿನ ರಾಸಾಯನಿಕ ಸಂಕೇತಗಳು ಒಂದಕ್ಕೊಂದು ಒತ್ತಾಸೆಯಾಗಿ ಸುತ್ತು ಕಟ್ಟಿಕೊಂಡರೆ, ಒಮ್ಮೆ ಒತ್ತಿದ ಸ್ವಿಚ್ಚಿನಂತೆ ಅವು ಪ್ರಚೋದನೆ ನಿಂತ ಮೇಲೂ ಚಾಲೂ ಇರಬಲ್ಲವು. ಇಂಥ ಮಾದರಿ ಕಟ್ಟುವುದು, ಅದನ್ನು ಪ್ರಯೋಗದ ಅಂಕಿಗಳೊಂದಿಗೆ ತಾಳೆ ನೋಡುವುದು, ತಾಳೆಯಾಗದಾಗ ಮತ್ತೆ ಕಟ್ಟುವುದು: ಗಣಕ ನರವಿಜ್ಞಾನದ ಪಿಎಚ್‌.ಡಿ. ಎಂದರೆ ಹೆಚ್ಚುಕಡಿಮೆ ಇದೇ.

ಭಲ್ಲಾ ಅವರ ಪ್ರಯೋಗಾಲಯ ಬೆಳೆದದ್ದು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ. ಅಲ್ಲಿಂದ ಸ್ವಲ್ಪ ದೂರದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನರವಿಜ್ಞಾನಕ್ಕೇ ಮೀಸಲಾದ ವಿಭಾಗವಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರ ಮಿದುಳಿಗೆ ವಯಸ್ಸಾಗುವ ಬಗೆಯನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಚೆನ್ನೈನ ಐಐಟಿಯಲ್ಲಿ ಶ್ರೀನಿವಾಸ ಚಕ್ರವರ್ತಿ ಅವರ ತಂಡ ಪಾರ್ಕಿನ್ಸನ್ ಕಾಯಿಲೆಯ ಮಾದರಿಗಳನ್ನು ಕಟ್ಟಿದೆ. ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಲಂಡನ್ನಿನಲ್ಲಿ 1998ರಲ್ಲಿ ಶುರುವಾದ ಗ್ಯಾಟ್ಸ್‌ಬಿ ಘಟಕವಿದೆ, ಜರ್ಮನಿಯ ಹಲವು ನಗರಗಳಲ್ಲಿ ಹರಡಿರುವ ಬರ್ನ್‌ಸ್ಟೈನ್ ಜಾಲವಿದೆ.

ಇಷ್ಟೆಲ್ಲ ಇದ್ದೂ ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಈ ದಾರಿಯ ಮಾತೇ ವಿರಳ. ಮಿದುಳು ಎಂದೊಡನೆ ಅದು ವೈದ್ಯರ ಇಲ್ಲವೇ ಜೀವಶಾಸ್ತ್ರದವರ ಪಾಲು ಎಂದುಕೊಳ್ಳುತ್ತೇವೆ. ಆದರೆ ಭೌತವಿಜ್ಞಾನ, ಗಣಿತ ಓದಿದವರಿಗೂ ಎಂಜಿನಿಯರಿಂಗ್ ಪದವೀಧರರಿಗೂ ಇಲ್ಲಿ ಬಾಗಿಲು ತೆರೆದಿದೆ. ಅವಕಲ ಸಮೀಕರಣ, ಸಂಭವನೀಯತೆ, ಒಂದಿಷ್ಟು ಪೈಥಾನ್ ಚೆನ್ನಾಗಿ ಬಂದರೆ ಜೀವಶಾಸ್ತ್ರವನ್ನು ಆಮೇಲೂ ಕಲಿಯಬಹುದು.

ಗೇಟ್, ಜೆಸ್ಟ್, ಸಿಎಸ್‌ಐಆರ್‌ ನೆಟ್‌ನಂಥ ಪರೀಕ್ಷೆಗಳು ಪ್ರವೇಶದ ಮೊದಲ ಮೆಟ್ಟಿಲು. ಯಾವ ಸಂಸ್ಥೆಗೆ ಯಾವುದು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಕೊನೆಗೆ ತೀರ್ಮಾನವಾಗುವುದು ಸಂದರ್ಶನದಲ್ಲಿ. ಮನೆಯವರು ಕೇಳುವ ಹಣದ ಪ್ರಶ್ನೆಗೂ ಉತ್ತರವಿದೆ: ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಶಿಪ್ 42,000, ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಸಾಫ್ಟ್‌ವೇರ್ ಸಂಬಳದ ಮುಂದೆ ಇದು ಚಿಕ್ಕದು, ಐದಾರು ವರ್ಷವೂ ಬೇಕು. ಅದನ್ನು ಅರಿತೇ ಬರಬೇಕು.

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ ಆರಿಸಿಕೊಳ್ಳಿ. ಅವರ ಎರಡು ಪ್ರಬಂಧ ಓದಿ, ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಮಾತಾಡಿಸಿ, ಸಾಧ್ಯವಾದರೆ ಒಂದು ಬೇಸಿಗೆ ರಜೆ ಅಲ್ಲೇ ಕೆಲಸ ಮಾಡಿ. ಗಣಿತ, ಭೌತವಿಜ್ಞಾನ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಈ ಸಲ ಅವಕಲ ಸಮೀಕರಣದ ಪಾಠಕ್ಕೆ ಲೋಲಕದ ಜತೆ ಒಂದು ನರಕೋಶವನ್ನೂ ಉದಾಹರಣೆಯಾಗಿ ಕೊಡಿ.