ಲಾಗ ಹಾಕುವ ಪಾರಿವಾಳ: ಜೋಡಿ ಕಟ್ಟುವಾಗ ಜೋಪಾನ

ನಮ್ಮದು ಮಳೆ ನಂಬಿದ ಬೇಸಾಯ. ಬೆಳೆದ ಜೋಳ, ಸಜ್ಜೆ, ಹುರುಳಿಯಲ್ಲಿ ಒಂದು ಪಾಲು ಪಲ್ಟಿ ಪಾರಿವಾಳಗಳಿಗೆ ಹೋಗುತ್ತದೆ. ಮೇಲೆ ಹಾರುತ್ತಾ ಹಿಂದಕ್ಕೆ ಲಾಗ ಹಾಕುವ ಜಾತಿ ಇದು. ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲೇ ಇವುಗಳ ಆಟದ ವಿಚಾರ ಇದೆ. ಲಾಭ ಏನು ಅಂತ ಕೇಳಬೇಡಿ. ಹಿಕ್ಕೆ ಕೊಳೆಸಿ ಮೆಣಸಿನ ಗಿಡಕ್ಕೆ ಹಾಕುತ್ತೇನೆ, ಅಷ್ಟೆ.

ಹೊಸಬರು ಮಾಡುವ ದೊಡ್ಡ ತಪ್ಪನ್ನು ನಾನೂ ಮಾಡಿದ್ದೆ. ಚೆನ್ನಾಗಿ ಲಾಗ ಹಾಕುವ ಗಂಡಿಗೆ ಅಂಥದೇ ಹೆಣ್ಣು ಹುಡುಕಿ ಜೋಡಿ ಮಾಡಿದೆ. ಮರಿಗಳು ಅಪ್ಪ ಅಮ್ಮನನ್ನು ಮೀರಿಸಿದವು. ಶುರು ಮಾಡಿದ ಲಾಗ ನಿಲ್ಲಿಸಲು ಬಾರದೆ ಒಂದು ಹೆಂಚಿಗೆ ಬಡಿದು ಸತ್ತಿತು. ಇನ್ನೊಂದು ಕಣದಲ್ಲಿ ಬಿತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ. ಲಾಗ ನಾವು ಕಲಿಸಿದ ವಿದ್ಯೆ ಅಲ್ಲ, ಹುಟ್ಟಿನಿಂದ ಬರುವುದು. ಎರಡೂ ಕಡೆಯಿಂದ ಜಾಸ್ತಿ ಬಂದರೆ ಹಕ್ಕಿಗೆ ಹಿಡಿತ ತಪ್ಪುತ್ತದೆ. ಈಗ ಜೋರಿನ ಗಂಡಿಗೆ ಒಂದೆರಡು ಲಾಗ ಹಾಕಿ ಮತ್ತೆ ನೆಟ್ಟಗೆ ಹಾರುವ ಹೆಣ್ಣನ್ನು ಕೊಡುತ್ತೇನೆ. ನೆಲದ ಹತ್ತಿರ ಲಾಗ ಹಾಕುವ ಹಕ್ಕಿಯಿಂದ ಮರಿ ತೆಗೆಯುವುದಿಲ್ಲ.

ಜೋಡಿಯನ್ನು ಮೊದಲು ಒಂದು ವಾರ ನಡುವೆ ಜಾಲರಿ ಇಟ್ಟು ಬಿಡಿ. ಗಂಡು ಹೆಣ್ಣು ಗುರುತಿಸುವುದು ಕಷ್ಟ. ಗೂಡಲ್ಲಿ ನಾಲ್ಕು ಮೊಟ್ಟೆ ಕಂಡರೆ ಹಿಗ್ಗಬೇಡಿ, ಎರಡೂ ಹೆಣ್ಣೇ ಇರುತ್ತವೆ, ಮರಿ ಆಗೋದಿಲ್ಲ. ಸರಿಯಾದ ಜೋಡಿ ಇಡುವುದು ಎರಡೇ ಮೊಟ್ಟೆ, ಒಂದಕ್ಕೊಂದು ಸುಮಾರು ಎರಡು ದಿನ ಅಂತರ. ಎರಡನೆಯದು ಇಟ್ಟ 17-18 ದಿನಕ್ಕೆ ಮರಿ. ಹಗಲು ಹೊತ್ತಲ್ಲಿ ಗಂಡು ಕಾವು ಕೊಡುತ್ತದೆ, ರಾತ್ರಿಯೆಲ್ಲಾ ಹೆಣ್ಣು.

ಮರಿಗೆ ಮೊದಲ ದಿನಗಳಲ್ಲಿ ಕಾಳು ನಡೆಯದು. ಗಂಡು ಹೆಣ್ಣು ಎರಡೂ ಮೇವಿನ ಚೀಲದಿಂದ ಹಾಲಿನಂಥ ಮುದ್ದೆ ತೆಗೆದು ಉಣಿಸುತ್ತವೆ. ಆಗ ಒಂದನ್ನು ಬೇರೆ ಮಾಡಿದರೆ ಮರಿ ಸೊರಗುತ್ತದೆ. ಜೋಳದ ಜೊತೆ ಹುರುಳಿ ಹೆಚ್ಚು ಕೊಡಿ. ಸಣ್ಣ ಕಲ್ಲುಪುಡಿ, ನೀರು ಸದಾ ಇರಲಿ.

ಬಿತ್ತನೆ ಕಾಲದಲ್ಲಿ ಮಾತ್ರ ಹೊರಗೆ ಬಿಡಬೇಡಿ. ಔಷಧಿ ಹಚ್ಚಿದ ಬೀಜ ಆರಿಸಿ ತಿಂದರೆ ಸಾಯುತ್ತವೆ, ನೆರೆಯವರ ಹೊಲಕ್ಕೆ ಇಳಿದರೆ ಜಗಳ ಬೇರೆ. ಅಷ್ಟು ದಿನ ಗೂಡಲ್ಲೇ ಮೇವು. ಗೂಡಿನ ಕಂಬಕ್ಕೆ ತಗಡು ಸುತ್ತಿದ ಮೇಲೆ ಬೆಕ್ಕಿನ ಕಾಟ ನಿಂತಿದೆ. ಗಿಡುಗಕ್ಕೆ ಇನ್ನೂ ಉಪಾಯ ಸಿಕ್ಕಿಲ್ಲ. ಗೊತ್ತಿದ್ದವರು ಬರೆಯಿರಿ.